ತಮ್ಮ ತಮ್ಮ ಮನೆಯ ಎದುರಿಗೆ

ವಾಚನ: ನೆಹೆಮೀಯ 2:11-18, 3:1-32, 5:1-13
ಶುಭಸಂದೇಶ: ಲೂಕ 10:25-37



ಪವಿತ್ರ ಬೈಬಲಿನಲ್ಲಿ ನಾವು ಓದದೆ ಹಾಳೆ ತಿರುವಿಬಿಡುವ ಕೆಲವು ಅಧ್ಯಾಯಗಳಿವೆ. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯ ಅಂಥದ್ದು. ಅದರಲ್ಲಿ ಅದ್ಭುತವಿಲ್ಲ, ಪ್ರವಾದನೆಯಿಲ್ಲ, ಕೀರ್ತನೆಯಿಲ್ಲ. ಇರುವುದು ಬರೀ ಹೆಸರುಗಳ ಪಟ್ಟಿ. ಜೆರುಸಲೇಮಿನ ಬಿದ್ದ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರು, ಯಾವ ಬಾಗಿಲನ್ನು ಯಾರು ನಿಲ್ಲಿಸಿದರು, ಅವರ ಪಕ್ಕದಲ್ಲಿ ಯಾರಿದ್ದರು ಎಂಬ ಲೆಕ್ಕ ಅಷ್ಟೆ. ನಮ್ಮ ಪಂಚಾಯ್ತಿ ಸೆಕ್ರೆಟರಿಯವರ ಹಾಜರಿ ಪುಸ್ತಕದ ಹಾಗೆ ಅದು ಕಾಣುತ್ತದೆ.

ಆದರೂ ಪವಿತ್ರಾತ್ಮರು ಈ ಪಟ್ಟಿಯನ್ನು ದೇವರ ವಾಕ್ಯದೊಳಗೆ ಉಳಿಸಿದ್ದಾರೆ. ಓಣಿಯ ಕೆಲಸಕ್ಕೆ ಕೈಹಾಕಿದವರ ಹೆಸರು ದೇವರ ಪುಸ್ತಕದಲ್ಲಿದೆ. ಈ ವಾರ ಅದೇ ಅಧ್ಯಾಯವನ್ನು ನಿಮ್ಮ ಮುಂದೆ ಇಡಲು ಕಾರಣವಿದೆ. ಪಂಚಾಯ್ತಿ ಚುನಾವಣೆಯ ಗದ್ದಲ ಮುಗಿದಿದೆ. ಊರಿನಲ್ಲಿ ಮತ್ತೆ ಕಮಿಟಿ ಕೂಡಿಸುವ ಮಾತು ನಡೆದಿದೆ. ಬೀದಿ ದೀಪ, ಬಾಯ್ತೆರೆದ ಬಾವಿ, ಬಿಸಿಲು, ಮಳೆ, ಮುಂದಿನ ಓಟು, ಎಲ್ಲವನ್ನೂ ಕುಳಿತು ಮಾತನಾಡೋಣ ಬನ್ನಿ ಎಂದು ನೆರೆಯವರು ನಮ್ಮನ್ನೂ ಕರೆಯುತ್ತಾರೆ. ಆಗ ನಮ್ಮ ಮನೆಗಳಲ್ಲಿ ಕೇಳಿಬರುವ ಉತ್ತರ ಯಾವುದೆಂದು ನಿಮಗೂ ಗೊತ್ತು: “ಅದೆಲ್ಲ ರಾಜಕೀಯ. ನಾವು ಇರೋದೇ ನಾಲ್ಕು ಮನೆ. ನಮಗ್ಯಾಕೆ?”

ನಮಗೇಕೆ ಎಂಬ ಈ ಪ್ರಶ್ನೆಗೆ ದೇವರ ವಾಕ್ಯ ಏನು ಹೇಳುತ್ತದೆ ಎಂದು ಇಂದು ನೋಡೋಣ.

ಮೊದಲು ನೋಡಿದ, ಆಮೇಲೆ ಮಾತಾಡಿದ

ನೆಹೆಮೀಯ ಪರ್ಷಿಯದ ಅರಸ ಅರ್ತಷಸ್ತನ ಪಾನಸೇವಕ. ಕ್ರಿಸ್ತಪೂರ್ವ 445ರ ಸುಮಾರಿನ ಕಾಲ. ಅರಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಜೆರುಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ, ಜನ ಅವಮಾನದಲ್ಲಿ ಬದುಕುತ್ತಿದ್ದಾರೆ ಎಂಬ ಸುದ್ದಿ ಕೇಳಿದಾಗ ಅವನು ಕುಳಿತು ಅತ್ತ. ಉಪವಾಸ ಮಾಡಿದ. ಪ್ರಾರ್ಥಿಸಿದ. ಅಷ್ಟಕ್ಕೇ ನಿಲ್ಲದೆ ಅರಸನ ಮುಂದೆ ನಿಂತು ರಜೆ ಕೇಳಿದ, ದಾರಿಗೆ ಪತ್ರ ಕೇಳಿದ, ಬಾಗಿಲಿಗೆ ಮರ ಕೇಳಿದ. ಪ್ರಾರ್ಥನೆ ಮಾಡುವವನು ಅರ್ಜಿ ಬರೆಯಬಾರದು ಎಂದೇನೂ ಇಲ್ಲ. ಅವನ ಪ್ರಾರ್ಥನೆಯೇ ಅವನನ್ನು ಅರ್ಜಿಯ ಕಡೆಗೆ ನಡೆಸಿತು.

ಊರಿಗೆ ಬಂದ ಮೇಲೆ ಅವನು ಕೂಡಲೇ ಸಭೆ ಕರೆಯಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿ ಹೊತ್ತು ಕೆಲವೇ ಜನರೊಂದಿಗೆ ಹೊರಟು ಗೋಡೆಯ ಸುತ್ತ ತಿರುಗಿದ. ಎಲ್ಲಿ ಎಷ್ಟು ಬಿದ್ದಿದೆ, ಎಲ್ಲಿ ಸವಾರಿ ಮಾಡುತ್ತಿದ್ದ ಪ್ರಾಣಿಗೂ ದಾರಿಯಿಲ್ಲ ಎಂದು ಕಣ್ಣಾರೆ ಕಂಡ. ಆಮೇಲೆ ಜನರ ಮುಂದೆ ಬಾಯಿ ತೆರೆದ. ನಮ್ಮ ಎಷ್ಟೋ ಸಭೆಗಳು ಹಾಳಾಗುವುದು ಈ ಕ್ರಮ ತಪ್ಪುವುದರಿಂದ. ನೋಡುವ ಮೊದಲೇ ನಾವು ಕೂಗಾಡುತ್ತೇವೆ. ಯಾವ ಕಂಬದ ದೀಪ ಉರಿಯುವುದಿಲ್ಲ, ಯಾವ ಮೋರಿ ಕಟ್ಟಿದೆ, ಯಾವ ಮನೆಯ ಅಜ್ಜಿ ಒಬ್ಬಳೇ ಇದ್ದಾಳೆ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ಆ ಪಟ್ಟಿಯನ್ನು ನೋಡಿ. ಮೊದಲ ಹೆಸರು ಮಹಾಯಾಜಕ ಎಲ್ಯಾಷೀಬನದು. ಪೂಜೆ ಮಾಡುವ ಕೈಗಳೇ ಕಲ್ಲು ಹೊತ್ತವು. ಅವನ ನಂತರ ಅಕ್ಕಸಾಲಿಗರು, ಸುಗಂಧ ದ್ರವ್ಯ ಮಾಡುವವರು, ವ್ಯಾಪಾರಿಗಳು ಬರುತ್ತಾರೆ. ಇವರಾರೂ ಗೋಡೆ ಕಟ್ಟುವ ಕಸಬಿನವರಲ್ಲ. ಶಲ್ಲೂಮ ಎಂಬವನ ಜೊತೆ ಅವನ ಹೆಣ್ಣುಮಕ್ಕಳೂ ಕೆಲಸ ಮಾಡಿದರೆಂದು ಹನ್ನೆರಡನೆಯ ವಚನ ಹೇಳುತ್ತದೆ. ತೆಕೋವ ಊರಿನ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಕುತ್ತಿಗೆ ಬಗ್ಗಿಸಲಿಲ್ಲ. ಅದೂ ದಾಖಲಾಗಿದೆ. ಅದೇ ತೆಕೋವದ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು. ಮತ್ತೆ ಮತ್ತೆ ಬರುವ ಒಂದು ಮಾತು ಇದೆ: ಇಂಥವನು ತನ್ನ ಮನೆಯ ಎದುರಿಗೆ ಕಟ್ಟಿದ, ಇನ್ನೊಬ್ಬ ತನ್ನ ಕೋಣೆಯ ಎದುರಿಗೆ ಕಟ್ಟಿದ. ಹೀಗೆ ಐವತ್ತೆರಡು ದಿನಗಳಲ್ಲಿ ಗೋಡೆ ಮುಗಿಯಿತು.

ನಮ್ಮ ಊರಿನ ಹೆಸರನ್ನೂ ನೆನೆಯಿರಿ. ಗಟ್ಟು. ತೆಲುಗಿನಲ್ಲಿ ಗಟ್ಟು ಎಂದರೆ ದಂಡೆ, ಹೊಲದ ಬದು, ಏರು. ನೀರನ್ನು ತಡೆದು ನಿಲ್ಲಿಸುವುದು ಗಟ್ಟು. ಮಣ್ಣು ಕೊಚ್ಚಿ ಹೋಗದಂತೆ ಕಾಯುವುದು ಗಟ್ಟು. ಬದು ಎಲ್ಲಿ ಒಡೆಯಿತೋ ಅಲ್ಲಿ ಒಬ್ಬನ ಹೊಲ ಮಾತ್ರ ಹಾಳಾಗುವುದಿಲ್ಲ, ಕೆಳಗಿನವನ ಹೊಲವೂ ಹಾಳಾಗುತ್ತದೆ. ಇದನ್ನು ಹೊಲ ಮಾಡುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ತೆರೆದ ಗುಂಡಿಗೆ ಯಾರು ಹೊಣೆ?

ಓಣಿಯ ಸುರಕ್ಷತೆ ಧರ್ಮದ ವಿಷಯವೇ ಎಂದು ಕೇಳುವವರಿದ್ದಾರೆ. ಮೋಶೆಯ ಧರ್ಮಶಾಸ್ತ್ರವನ್ನು ತೆರೆದು ನೋಡಿ. ವಿಮೋಚನಾಕಾಂಡ 21ನೇ ಅಧ್ಯಾಯದ 33 ಮತ್ತು 34ನೇ ವಚನಗಳಲ್ಲಿ ಒಂದು ನಿಯಮವಿದೆ: ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ನೆರೆಯವನ ಎತ್ತೋ ಕತ್ತೆಯೋ ಬಿದ್ದರೆ, ಗುಂಡಿ ತೋಡಿದವನೇ ನಷ್ಟ ಕಟ್ಟಿಕೊಡಬೇಕು. ಧರ್ಮೋಪದೇಶಕಾಂಡ 22ನೇ ಅಧ್ಯಾಯದ 8ನೇ ವಚನದಲ್ಲಿ ಇನ್ನೊಂದು: ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕೈಪಿಡಿ ಗೋಡೆ ಹಾಕಿಸಬೇಕು; ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಗೆ ಬರುತ್ತದೆ. ನಾನು ಯಾರನ್ನೂ ತಳ್ಳಲಿಲ್ಲವಲ್ಲ ಎಂಬ ಸಮಾಧಾನ ದೇವರ ಮುಂದೆ ನಡೆಯುವುದಿಲ್ಲ. ತಡೆಯಬಹುದಾಗಿದ್ದ ಸಾವನ್ನು ತಡೆಯದೆ ಬಿಟ್ಟದ್ದಕ್ಕೂ ಲೆಕ್ಕವಿದೆ.

ನಮ್ಮ ಕಡೆ ನೀರು ಬೀಳದ ಬೋರುಗಳನ್ನು ಹಾಗೇ ಬಿಡುವ ರೂಢಿ ಹಳೆಯದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ತೆರೆದ ಕೊಳವೆ ಬಾವಿಗೆ ಬಿತ್ತು. ಸುಮಾರು ಇಪ್ಪತ್ತು ಗಂಟೆ ಮಣ್ಣು, ಬಂಡೆ ಅಗೆದು ಅದನ್ನು ಜೀವಂತ ತೆಗೆದರು. ಇಡೀ ಕರ್ನಾಟಕ ಆ ರಾತ್ರಿ ಪ್ರಾರ್ಥಿಸಿತು. ಎಲ್ಲ ಮಕ್ಕಳೂ ಹಾಗೆ ಬದುಕಿ ಬಂದಿಲ್ಲ. ಕೆಲಸಕ್ಕೆ ಬಾರದ ಬೋರನ್ನು ತಳದಿಂದ ಮೇಲಿನವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು, ಹೊಸದು ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮೋಶೆ ಹೇಳಿದ್ದೂ ಇದೇ ಅಲ್ಲವೇ? ಒಂದು ಬೋರು ಮುಚ್ಚಲು ಒಂದು ಟ್ರ್ಯಾಕ್ಟರ್ ಮಣ್ಣು, ನಾಲ್ಕು ಜನರ ಅರ್ಧ ದಿನದ ದುಡಿಮೆ ಸಾಕು. ನಮ್ಮ ಹೊಲದಲ್ಲಿ ಅಂಥದ್ದಿದ್ದರೆ ಮುಂದಿನ ಭಾನುವಾರ ಪೂಜೆಗೆ ಬರುವ ಮೊದಲು ಅದನ್ನು ಮುಚ್ಚಿ ಬನ್ನಿ.

ಇನ್ನು ಶುಭಸಂದೇಶದ ಸಾಮತಿಯನ್ನು ನೋಡಿ. ಜೆರುಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು ಹಾಕಿದರು. ಯಾಜಕನೂ ಲೇವಿಯನೂ ದಾಟಿಹೋದರು. ಸಮಾರ್ಯದವನೊಬ್ಬ ನಿಂತು ಗಾಯ ಕಟ್ಟಿದ. ಈ ಕಥೆ ಕೇಳಿದಾಗಲೆಲ್ಲ ನಾವು ಆ ಒಬ್ಬನ ದಯೆಯನ್ನು ಹೊಗಳುತ್ತೇವೆ, ಅದು ಸರಿ. ಆದರೆ ಮಾರನೆಯ ದಿನ ಅದೇ ದಾರಿಯಲ್ಲಿ ಇನ್ನೊಬ್ಬ ಹೊಡೆತ ತಿಂದು ಬಿದ್ದರೆ? ಅದರ ಮಾರನೆಯ ದಿನ ಮತ್ತೊಬ್ಬ? ಆಗ ಗಾಯಕ್ಕೆ ಎಣ್ಣೆ ಸುರಿಯುವುದರ ಜೊತೆಗೆ ಆ ದಾರಿಯನ್ನೇ ಸರಿಮಾಡುವ ಪ್ರೀತಿಯೂ ಬೇಕಾಗುತ್ತದೆ. ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ವಿಶ್ವಪತ್ರ ‘ಫ್ರತೆಲ್ಲಿ ತುತ್ತಿ’ಯಲ್ಲಿ ಇದಕ್ಕೆ ಒಂದು ಉದಾಹರಣೆ ಕೊಡುತ್ತಾರೆ. ಹೊಳೆ ದಾಟಲು ಮುದುಕರೊಬ್ಬರಿಗೆ ಕೈಹಿಡಿದು ನೆರವಾಗುವುದು ಪ್ರೀತಿಯ ಕೆಲಸ. ಅಲ್ಲಿ ಸೇತುವೆ ಕಟ್ಟಿಸುವುದೂ ಪ್ರೀತಿಯ ಕೆಲಸವೇ ಎಂಬುದು ಅದರ ಸಾರ. ಕೃಷ್ಣೆಯ ನಡುವೆ ಇರುವ ಗುರ್ರಂಗಡ್ಡೆಯ ಜನ ಮಳೆಗಾಲದಲ್ಲಿ ದೋಣಿ ಹತ್ತಿ ಗದ್ವಾಲಿನ ಕಡೆಗೆ ಬರುವುದನ್ನು ಕಂಡ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ರಾತ್ರಿ ಹಿಂದಿನ ದೀಪವಿಲ್ಲದೆ ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರು, ಹೊಲದಲ್ಲಿ ಜೋತುಬಿದ್ದ ಕರೆಂಟಿನ ತಂತಿ, ಕತ್ತಲಲ್ಲಿ ಹೆಣ್ಣುಮಕ್ಕಳು ನಡೆಯಬೇಕಾದ ದಾರಿ, ಇವೆಲ್ಲ ಓಣಿ ಕಮಿಟಿಯಲ್ಲಿ ಮಾತಾಗಬೇಕಾದ ವಿಷಯಗಳು. ಲೈನ್‌ಮನ್ನನನ್ನು ಬೈಯುತ್ತಾ ಕೂಡುವುದಕ್ಕಿಂತ ಹತ್ತು ಮನೆಯವರು ಸಹಿ ಹಾಕಿದ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ನೀರು ಭಾಷೆ ಕೇಳುವುದಿಲ್ಲ

ಹವಾಮಾನ ಬದಲಾವಣೆ ಎಂದರೆ ದಿಲ್ಲಿಯಲ್ಲಿ, ಪರದೇಶದಲ್ಲಿ ದೊಡ್ಡವರು ಮಾತನಾಡುವ ಸಂಗತಿ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಅದರ ಪೆಟ್ಟು ಮೊದಲು ಬೀಳುವುದು ಬಯಲಲ್ಲಿ ದುಡಿಯುವವರ ಮೇಲೆ. 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಒತ್ತಿ ಹೇಳಿದ್ದು ಅದನ್ನೇ: ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆ ಮಾಡಿ ಕೇಳಲು ಬರುವುದಿಲ್ಲ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಎರಡು ಕೆಲಸಕ್ಕೆ, ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಮೊದಲನೆಯದನ್ನು ನಾವು ಬಿಟ್ಟಿಲ್ಲ. ಎರಡನೆಯದನ್ನು ಮರೆತಿದ್ದೇವೆ.

2009ರ ಅಕ್ಟೋಬರ್ ಮೊದಲ ವಾರವನ್ನು ನಮ್ಮ ಹಿರಿಯರು ಮರೆತಿಲ್ಲ. ಬರದ ನಾಡು ಎಂದು ಹೆಸರಾದ ರಾಯಚೂರು, ಮಂತ್ರಾಲಯ, ಆಲಂಪುರ, ಕರ್ನೂಲು ಎಲ್ಲ ನೀರಿನಲ್ಲಿ ಮುಳುಗಿದವು. ಶ್ರೀಶೈಲಕ್ಕೆ 25 ಲಕ್ಷ ಕ್ಯೂಸೆಕ್‌ನಷ್ಟು ನೀರು ನುಗ್ಗಿ ಬಂತು. ಮಳೆ ಬಾರದ ವರ್ಷ ಗುಳೆ ಹೋಗುವ ಜನ ಆ ವರ್ಷ ಮಳೆಯಿಂದಲೇ ಮನೆ ಬಿಟ್ಟರು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಕೊಂಡು ಹೋದಾಗ, ಮುನ್ನೆಚ್ಚರಿಕೆ ಹೋದದ್ದು ಕನ್ನಡದ ಊರುಗಳಿಗಷ್ಟೇ ಅಲ್ಲ, ಕೆಳಗಿನ ತೆಲುಗು ಊರುಗಳಿಗೂ ಹೋಯಿತು. ಚೈನು ಕಡಿದದ್ದು ಒಂದು ರಾಜ್ಯದಲ್ಲಿ, ನಿದ್ದೆಗೆಟ್ಟದ್ದು ಮೂರು ರಾಜ್ಯದ ಜನ. ಕನ್ನಡ, ತೆಲುಗು, ಉರ್ದು ಮಾತಾಡುವ ಮನೆಗಳು ಒಟ್ಟಿಗೆ ಕುಳಿತು ಮಾತಾಡಲೇಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ನೆಹೆಮೀಯನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಏರ್ಪಾಡಿದೆ. ಕೆಲಸಗಾರರು ಗೋಡೆಯ ಉದ್ದಕ್ಕೂ ದೂರ ದೂರ ಇದ್ದರು. ಆದ್ದರಿಂದ ಕೊಂಬೂದುವವನನ್ನು ಅವನು ತನ್ನ ಪಕ್ಕದಲ್ಲೇ ಇಟ್ಟುಕೊಂಡ. ಕೊಂಬಿನ ಸದ್ದು ಎಲ್ಲಿ ಕೇಳಿದರೆ ಅಲ್ಲಿಗೆ ಎಲ್ಲರೂ ಓಡಿ ಬರಬೇಕೆಂದು ಹೇಳಿದ. ನಮ್ಮ ಊರಿನ ಕೊಂಬು ಯಾವುದು? ಬಿರುಮಳೆ, ಬೆಂಕಿ, ಹೊಳೆಯ ನೀರು ಬಂದಾಗ ಯಾರು ಯಾರಿಗೆ ಫೋನ್ ಮಾಡಬೇಕು? ಫೋನಿಲ್ಲದ ಮನೆಗೆ ಯಾರು ಓಡಬೇಕು? ದೇವಾಲಯದ ಗಂಟೆ, ಮಸೀದಿಯ ಮೈಕು, ಗುಡಿಯ ಮೈಕು ಮೂರೂ ಆ ಹೊತ್ತಿಗೆ ಒಂದೇ ಸುದ್ದಿ ಸಾರುವಂತೆ ಮೊದಲೇ ಮಾತಾಡಿಟ್ಟುಕೊಳ್ಳಬಾರದೇ? ಇದಕ್ಕೆ ಸರ್ಕಾರದ ಹಣ ಬೇಡ, ಒಂದು ಸಂಜೆಯ ಸಭೆ ಸಾಕು.

ಸಿಡಿಲಿನ ವಿಷಯವನ್ನು ಬಿಡುವ ಹಾಗಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,800ಕ್ಕೂ ಹೆಚ್ಚು. ಹೊಲದಲ್ಲಿದ್ದಾಗ ಗುಡುಗು ಕೇಳಿತೆಂದರೆ ಕೆಲಸ ನಿಲ್ಲಿಸಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಗುಡುಗು ನಿಂತು ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಪುಣೆಯ ಹವಾಮಾನ ಸಂಸ್ಥೆ ಮಾಡಿದ ‘ದಾಮಿನಿ’ ಎಂಬ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ನಮ್ಮ ಯುವಕರು ಪ್ರತಿ ಕೂಲಿ ಗುಂಪಿನಲ್ಲಿ ಒಬ್ಬರ ಫೋನಿನಲ್ಲಾದರೂ ಅದನ್ನು ಹಾಕಿಕೊಡಲಿ. ಕೂಲಿಗೆ ಕರೆದೊಯ್ಯುವವರು ಮೋಡ ಕಟ್ಟಿದಾಗ “ಇನ್ನೊಂದು ಸಾಲು ಮುಗಿಸಿ” ಎನ್ನಬೇಡಿ. ಆ ಒಂದು ಸಾಲಿಗಾಗಿ ಒಂದು ಜೀವ ಹೋಗಬಾರದು.

ಬಿಸಿಲಿನ ಬಗ್ಗೆಯೂ ತಿಳಿದಿರಿ. 2025ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಬಿಸಿಗಾಳಿಯನ್ನು ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿ, ಬಿಸಿಲ ಹೊಡೆತಕ್ಕೆ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಓದು ಬರಹ ಇಲ್ಲದ ಮನೆಗೆ ಇಂಥ ಆದೇಶ ತಾನಾಗಿ ತಲುಪುವುದಿಲ್ಲ. ಓದಿದವರು ಹೋಗಿ ಹೇಳಬೇಕು. 2011ರ ಜನಗಣತಿಯಲ್ಲಿ ಅಕ್ಷರಸ್ಥರು ಅತಿ ಕಡಿಮೆ ಇರುವ ಮಂಡಲಗಳ ಸಾಲಿನಲ್ಲಿ ಗಟ್ಟುವಿನ ಹೆಸರು ಬಂದಿತ್ತು. ಇಂಥ ಊರಿನಲ್ಲಿ ಒಂದು ಅರ್ಜಿ ಓದಿ ಹೇಳುವುದು, ಒಂದು ಅರ್ಜಿ ಬರೆದು ಕೊಡುವುದು ಹಸಿದವರಿಗೆ ಅನ್ನ ಕೊಟ್ಟಷ್ಟೇ ಪುಣ್ಯದ ಕೆಲಸ.

ಮರಗಳು ಅರಸನನ್ನು ಆರಿಸಿದ ಕಥೆ

ಈಗ ಚುನಾವಣೆಯ ಮಾತಿಗೆ ಬರುತ್ತೇನೆ. ಗುರುವಾದವನು ಪಕ್ಷದ ಹೆಸರು ಹೇಳಿ ಓಟು ಕೇಳುವ ಹಾಗಿಲ್ಲ. ಧರ್ಮಸಭೆಯ ಕಾನೂನು ಅದನ್ನು ತಡೆಯುತ್ತದೆ, ತಡೆಯುವುದು ನ್ಯಾಯವೂ ಹೌದು. ಆದರೆ ಓಟು ಹಾಕುವುದು ಪ್ರಜೆಯ ನೈತಿಕ ಕರ್ತವ್ಯ ಎಂದು ಅದೇ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2240ನೇ ಪರಿಚ್ಛೇದ ಕಲಿಸುತ್ತದೆ. ತೆರಿಗೆ ಕೊಡುವುದು, ದೇಶವನ್ನು ಕಾಯುವುದು ಇವುಗಳ ಸಾಲಿನಲ್ಲೇ ಅದು ಓಟನ್ನೂ ಇಟ್ಟಿದೆ. ಆದ್ದರಿಂದ ಯಾರಿಗೆ ಎಂದು ನಾನು ಹೇಳುವುದಿಲ್ಲ. ಹೇಗೆ ಎಂದು ಹೇಳಲೇಬೇಕು.

ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮ ಬೆಟ್ಟದ ಮೇಲೆ ನಿಂತು ಶೆಕೆಮಿನ ಜನರಿಗೆ ಒಂದು ಕಥೆ ಹೇಳಿದ. ಮರಗಳೆಲ್ಲ ಸೇರಿ ತಮಗೊಬ್ಬ ಅರಸನನ್ನು ಹುಡುಕಿದವು. ಎಣ್ಣೆಮರವನ್ನು ಕೇಳಿದವು. ಅದು ನನ್ನ ಎಣ್ಣೆಯ ಕೆಲಸ ಬಿಟ್ಟು ಬರಲಾರೆ ಎಂದಿತು. ಅಂಜೂರದ ಮರ ನನ್ನ ಸಿಹಿ ಹಣ್ಣು ಬಿಟ್ಟು ಬರಲಾರೆ ಎಂದಿತು. ದ್ರಾಕ್ಷಿಬಳ್ಳಿಯೂ ಒಪ್ಪಲಿಲ್ಲ. ಕೊನೆಗೆ ಮುಳ್ಳುಪೊದೆಯನ್ನು ಕೇಳಿದವು. ಅದು ಕೂಡಲೇ ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ನನ್ನ ನೆರಳಿಗೆ ಬನ್ನಿ, ಬರದಿದ್ದರೆ ಬೆಂಕಿ ಹೊರಡಿಸಿ ಸುಡುತ್ತೇನೆ ಎಂದೂ ಹೆದರಿಸಿತು. ನಮ್ಮ ಕಡೆಯ ಜಾಲಿಮುಳ್ಳಿಗೆ ಎಷ್ಟು ನೆರಳಿದೆ ಎಂದು ಕುರಿ ಕಾಯುವವರನ್ನು ಕೇಳಿ ನೋಡಿ!

ಈ ಕಥೆಯಲ್ಲಿ ಮುಳ್ಳಿನ ತಪ್ಪು ಎಷ್ಟಿದೆಯೋ, ಒಳ್ಳೆಯ ಮರಗಳ ತಪ್ಪೂ ಅಷ್ಟೇ ಇದೆ. ನನಗೆ ಹೊಲವಿದೆ, ನನಗೆ ಅಂಗಡಿಯಿದೆ, ನನಗೆ ಮಕ್ಕಳಿದ್ದಾರೆ ಎಂದು ಹಣ್ಣು ಬಿಡುವವರೆಲ್ಲ ಹಿಂದೆ ಸರಿದರೆ ಮುಂದೆ ಉಳಿಯುವುದು ಮುಳ್ಳು ಮಾತ್ರ. ಆ ಶೆಕೆಮಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು: ಅಬೀಮೆಲೆಕ ಗುಡಿಯ ಬೆಳ್ಳಿ ನಾಣ್ಯ ತೆಗೆದುಕೊಂಡು ಪುಂಡರನ್ನು ಕೂಲಿಗೆ ಹಿಡಿದು ಅಧಿಕಾರಕ್ಕೆ ಬಂದ. ಹಣದಿಂದ ಬಂದ ಅರಸ ಕೊನೆಗೆ ಅದೇ ಊರನ್ನು ಸುಟ್ಟು ಉಪ್ಪು ಎರಚಿದ.

ನಮ್ಮ ರಾಜ್ಯದಲ್ಲಿ 2024ರ ಜನವರಿ ಕೊನೆಗೆ ಹಳೆಯ ಪಂಚಾಯ್ತಿಗಳ ಅವಧಿ ಮುಗಿದು, ಸುಮಾರು ಎರಡು ವರ್ಷ ವಿಶೇಷಾಧಿಕಾರಿಗಳ ಆಡಳಿತ ನಡೆಯಿತು. 2025ರ ಡಿಸೆಂಬರ್‌ನಲ್ಲಿ ಮೂರು ಹಂತದ ಚುನಾವಣೆ ಆಯಿತು. ಚುನಾವಣೆಯ ಹೊತ್ತಿಗೆ ಗಡಿಯ ಆಚೆಗೂ ಈಚೆಗೂ ಒಂದು ಕೆಟ್ಟ ಪದ್ಧತಿಯ ಸುದ್ದಿ ಬರುತ್ತದೆ. ಸ್ಥಾನವನ್ನು ಹರಾಜು ಹಾಕಿ, ಹೆಚ್ಚು ಕೂಗಿದವನನ್ನು ಅವಿರೋಧ ಎಂದು ಘೋಷಿಸುವುದು. ಹಣ ದೇವಸ್ಥಾನಕ್ಕೆ ಹೋಗುತ್ತದೆ, ಊರಿನ ಒಳ್ಳೆಯದಕ್ಕೇ ಅಲ್ಲವೇ ಎಂಬ ಸಮಜಾಯಿಷಿ ಬೇರೆ. ಕಾನೂನಿನ ಪ್ರಕಾರ ಅದು ಅಪರಾಧ. ದೇವರ ಮುಂದೆಯೂ ಹಾಗೆಯೇ. ಅದರಲ್ಲಿ ಬಡವನು ಸ್ಪರ್ಧಿಸುವ ಹಕ್ಕು ಕಳೆದುಕೊಳ್ಳುತ್ತಾನೆ. ಲಕ್ಷಗಟ್ಟಲೆ ಕೊಟ್ಟು ಕುರ್ಚಿ ಹಿಡಿದವನು ಆ ಹಣವನ್ನು ನಮ್ಮ ರಸ್ತೆ, ನಮ್ಮ ನೀರಿನಿಂದಲೇ ತೆಗೆಯುತ್ತಾನೆ.

ಮನೆ ಮನೆಗೆ ಬರುವ ನೋಟು, ಬಾಟಲಿ, ಸೀರೆಯ ಮಾತೂ ಇದೇ. “ಎಲ್ಲರೂ ತಗೋತಾರೆ ಸ್ವಾಮಿ, ನಾವು ಓಟು ಮಾತ್ರ ನಮ್ಮ ಮನಸ್ಸಿಗೆ ಬಂದವರಿಗೆ ಹಾಕ್ತೀವಿ” ಎನ್ನುವವರಿದ್ದಾರೆ. ಹಾಗಾದರೆ ಅದು ಎರಡು ಪಾಪ, ಒಂದು ಲಂಚ, ಇನ್ನೊಂದು ಸುಳ್ಳು. ಹೈದರಾಬಾದಿಗೂ ಬೆಂಗಳೂರಿಗೂ ಪುಣೆಗೂ ಕೂಲಿಗೆ ಹೋದ ನಮ್ಮ ಮಂದಿಯನ್ನು ಓಟಿನ ದಿನ ಗಾಡಿ ಮಾಡಿ ಕರೆತರುತ್ತಾರೆ. ಮಾರನೆಯ ದಿನ ಅವರು ಹೇಗೆ ವಾಪಸು ಹೋದರು ಎಂದು ಯಾರೂ ಕೇಳುವುದಿಲ್ಲ. ಆ ಒಂದು ದಿನ ನಮಗೆ ಸಿಕ್ಕ ಗೌರವ ಉಳಿದ ಐದು ವರ್ಷವೂ ಸಿಗಬೇಕಾದರೆ ಅದನ್ನು ಮಾರಿಕೊಳ್ಳಬಾರದು.

ಓಟು ಹಾಕಿ ಬಂದರೆ ಕರ್ತವ್ಯ ಮುಗಿಯಿತೇ? ಇಲ್ಲ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು. ನೈರ್ಮಲ್ಯ, ಬೀದಿ ದೀಪ, ಗಿಡ ನೆಡುವಿಕೆ, ಕಾಮಗಾರಿ ಮತ್ತು ಸಂತೆ ಇವುಗಳಿಗೆ ಪ್ರತಿ ಊರಿನಲ್ಲೂ ಸ್ಥಾಯಿ ಸಮಿತಿ ಇರಬೇಕು. ಹೆಂಗಸರೂ ಅದರಲ್ಲಿರಬೇಕು. ನೆಟ್ಟ ಸಸಿಗಳಲ್ಲಿ ನೂರಕ್ಕೆ ಎಂಬತ್ತೈದಾದರೂ ಬದುಕಬೇಕು ಎಂಬ ಹೊಣೆಯನ್ನೂ ಪಂಚಾಯ್ತಿಗೆ ಹೊರಿಸಿದ್ದಾರೆ. ನೋಡಿ, ಸುರಕ್ಷತೆ, ಹವಾಮಾನ, ಚುನಾವಣೆ ಮೂರೂ ಒಂದೇ ಕಟ್ಟೆಯ ಮೇಲೆ ಬಂದು ಕೂತವು. ನೆಟ್ಟ ಸಸಿಯನ್ನು ಎಣಿಸುವುದಕ್ಕೆ, ಉರಿಯದ ದೀಪವನ್ನು ಬರೆಸುವುದಕ್ಕೆ ಗ್ರಾಮಸಭೆಯಲ್ಲಿ ನಮ್ಮ ಮನೆಯಿಂದ ಒಬ್ಬರಾದರೂ ಇರುತ್ತಾರೆಯೇ?

ಇನ್ನೊಂದು ಮಾತು. ಚುನಾವಣೆ ಮುಗಿದು ತಿಂಗಳುಗಳಾದರೂ ಕೆಲವು ಮನೆಗಳ ನಡುವೆ ಮಾತಿಲ್ಲ. ಒಂದೇ ಪೀಠದ ಮುಂದೆ ಪರಮ ಪ್ರಸಾದ ಸ್ವೀಕರಿಸುವ ಅಣ್ಣ ತಮ್ಮಂದಿರು ಹೊರಗೆ ಹೋಗಿ ಮುಖ ತಿರುಗಿಸುತ್ತಾರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಲು ಯೇಸುಸ್ವಾಮಿ ಹೇಳಿದ್ದಾರೆ. ಸೋತವರ ಮನೆಗೆ ಗೆದ್ದವರು ಮೊದಲು ಹೋಗಲಿ. ಅದು ಅವರಿಗೆ ಸುಲಭ.

ಗೋಡೆಯೊಳಗಿನ ಕೂಗು

ಗೋಡೆ ಅರ್ಧ ಎದ್ದಾಗ ನೆಹೆಮೀಯನ ಕಿವಿಗೆ ಒಂದು ಕೂಗು ಬಿತ್ತು. ಅದು ಹೊರಗಿನ ಶತ್ರುಗಳದ್ದಲ್ಲ. ಒಳಗೆ ಕಲ್ಲು ಹೊರುತ್ತಿದ್ದ ಬಡವರದೇ. ಅದು ಐದನೆಯ ಅಧ್ಯಾಯ. ಬರಗಾಲ ಬಂದಿದೆ, ಕಾಳಿಗಾಗಿ ಹೊಲ ಅಡವಿಟ್ಟಿದ್ದೇವೆ, ಕಂದಾಯಕ್ಕಾಗಿ ಸಾಲ ಮಾಡಿದ್ದೇವೆ, ನಮ್ಮ ಗಂಡು ಹೆಣ್ಣು ಮಕ್ಕಳನ್ನು ಜೀತಕ್ಕೆ ಕೊಡುತ್ತಿದ್ದೇವೆ, ಕೊಡಿಸಿಕೊಳ್ಳುವವರು ನಮ್ಮವರೇ ಎಂದು ಅವರು ಅತ್ತರು. ನೆಹೆಮೀಯನಿಗೆ ಸಿಟ್ಟು ಬಂತು. ಆದರೂ ಮೊದಲು ತನ್ನೊಳಗೆ ಆಲೋಚಿಸಿ, ನಂತರ ದೊಡ್ಡವರನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ. ಹೊಲ ಹಿಂದಿರುಗಿಸಿ, ಬಡ್ಡಿ ಬಿಡಿ ಎಂದ. ಅವರು ಬಾಯಿ ಬಿಡಲಾಗದೆ ಒಪ್ಪಿದರು.

ಪ್ರಿಯರೇ, ಈ ಅಧ್ಯಾಯ ಓದುವಾಗ ನಮ್ಮ ಹತ್ತಿ ಬೀಜದ ಹೊಲಗಳು ಕಣ್ಣ ಮುಂದೆ ಬಾರದೇ ಇರುತ್ತವೆಯೇ? ಗದ್ವಾಲ, ಗಟ್ಟು ಕಡೆಯ ಸೀಡ್ ಹತ್ತಿಗೆ ದೇಶದಲ್ಲೇ ಹೆಸರಿದೆ. ಹೂವನ್ನು ಒಂದೊಂದಾಗಿ ಬಿಡಿಸಿ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸಬೇಕಾದ ಕೆಲಸ ಅದು. ಮಕ್ಕಳ ಎತ್ತರಕ್ಕೆ ಗಿಡ ಸರಿಹೊಂದುತ್ತದೆ, ಅವರ ಬೆರಳು ಚುರುಕು, ಕೂಲಿಯೂ ಕಡಿಮೆ. ಕ್ರಾಸಿಂಗ್ ಕಾಲ ಬಂತೆಂದರೆ ಶಾಲೆಯ ಬೆಂಚು ಖಾಲಿ. ರೈತ ಆರ್ಗನೈಸರನ ಹತ್ತಿರ ಮುಂಗಡ ತಂದಿರುತ್ತಾನೆ. ಕೂಲಿಯ ಮನೆಯವರು ರೈತನ ಹತ್ತಿರ ಮುಂಗಡ ತಂದಿರುತ್ತಾರೆ. ಬೀಜ ಪರೀಕ್ಷೆಯಲ್ಲಿ ಫೇಲಾದರೆ ರೈತನ ಮೇಲೆ ಸಾಲ. ಸಾಲದ ಈ ಸರಪಣಿಯ ಕೊನೆಯ ಕೊಂಡಿ ಹತ್ತು ಹನ್ನೆರಡು ವರ್ಷದ ಒಂದು ಹುಡುಗಿ. ಅವಳ ಮೈಗೆ ಔಷಧಿಯ ವಾಸನೆ ಹತ್ತಿರುತ್ತದೆ. ಪಾಟಿ ಚೀಲ ಮನೆಯ ಗೂಟಕ್ಕೆ ತೂಗಾಡುತ್ತಿರುತ್ತದೆ.

ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯಾದ ಕಾನೂನಿನಲ್ಲಿ ಅಪರಾಧ. ಆದರೆ ಇಲ್ಲಿ ಒಬ್ಬ ರೈತನನ್ನು ಬೈದು ನಾವು ಕೈ ತೊಳೆದುಕೊಳ್ಳಲಾಗದು. ಅವನ ಕುತ್ತಿಗೆಯ ಮೇಲೂ ಹಗ್ಗವಿದೆ. ಆದ್ದರಿಂದಲೇ ಇದು ಒಬ್ಬೊಬ್ಬರ ವಿಷಯವಾಗದೆ ಇಡೀ ಓಣಿಯ ವಿಷಯವಾಗಬೇಕು. ಎಲ್ಲ ರೈತರೂ ಸೇರಿ ಮಕ್ಕಳನ್ನು ಕರೆಯುವುದಿಲ್ಲ ಎಂದು ತೀರ್ಮಾನಿಸಿದರೆ ಒಬ್ಬನೇ ಹೆಚ್ಚು ಕೂಲಿ ಕೊಟ್ಟು ನಷ್ಟಕ್ಕೆ ಬೀಳುವುದಿಲ್ಲ. ಮುಂಗಡದ ಲೆಕ್ಕ, ದರ, ಪರೀಕ್ಷೆಯ ಫಲಿತಾಂಶ ಬಾಯಿಮಾತಿನಲ್ಲಿ ಇರದೆ ಕಾಗದದ ಮೇಲೆ ಬರಬೇಕೆಂದು ಎಲ್ಲರೂ ಒಟ್ಟಾಗಿ ಕೇಳಿದರೆ ಕೇಳಿಸಿಕೊಳ್ಳುವವರು ಇರುತ್ತಾರೆ. ಡ್ವಾಕ್ರಾ ಸಂಘದ ಅಕ್ಕಂದಿರೇ, ಸಾಲದ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತು. ನೀವು ಬಾಯಿಬಿಟ್ಟರೆ ಊರು ಕೇಳುತ್ತದೆ.

ಬೀದಿ ದೀಪ ಉರಿದು, ಬಾವಿಗೆ ಕಟ್ಟೆ ಬಂದು, ರಸ್ತೆಯ ಬದಿಗೆ ಮರ ಬೆಳೆದು, ಆ ಮರದ ಕೆಳಗೆ ಶಾಲೆ ಬಿಟ್ಟ ಮಗು ಕೂಲಿಯ ಊಟ ಬಿಚ್ಚಿದರೆ, ನಾವು ಕಟ್ಟಿದ ಗೋಡೆ ಯಾರಿಗಾಗಿ?

ನಾವು ನಾಲ್ಕೇ ಮನೆ

ಮೊದಲಿನ ಪ್ರಶ್ನೆಗೆ ಮರಳೋಣ. ನಾವು ಕಡಿಮೆ ಜನ, ನಮಗೇಕೆ? ಬಾಬಿಲೋನಿಗೆ ಸೆರೆಯಾಗಿ ಹೋದ ಯೆಹೂದ್ಯರೂ ಕಡಿಮೆ ಜನ, ಪರಭಾಷೆಯ ಊರಿ‌ನಲ್ಲಿದ್ದವರು. ಅವರಿಗೆ ಪ್ರವಾದಿ ಯೆರೆಮೀಯ ಪತ್ರ ಬರೆದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಸರ್ವೇಶ್ವರನನ್ನು ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವೂ ಇದೆ ಎಂದು ತಿಳಿಸಿದ. ಕನ್ನಡವನ್ನು ಮನೆಯಲ್ಲಿಟ್ಟುಕೊಂಡು ತೆಲುಗಿನ ಊರಿನಲ್ಲಿ ಬದುಕುವ ನಮಗೆ ಇದು ನೇರವಾಗಿ ಬರೆದ ಪತ್ರದಂತಿದೆ. ಸಭೆಯ ಮಾತು ತೆಲುಗಿನಲ್ಲಿ ನಡೆಯುತ್ತದೆ ಎಂದು ಹಿಂಜರಿಯಬೇಡಿ. ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡುವ ನಾವು ಸಭೆಯಲ್ಲಿ ಮಾತಾಡಲಾರೆವೇ? ಎರಡು ಭಾಷೆ ಬಲ್ಲವರು ನಡುವೆ ನಿಂತು ಇಬ್ಬರನ್ನೂ ಕೂಡಿಸಬಹುದು. ಅದು ದೇವರು ಗಡಿಯ ಜನಕ್ಕೆ ಕೊಟ್ಟ ವರ. ಹಿಟ್ಟಿನಲ್ಲಿ ಹುಳಿ ಎಷ್ಟಿರುತ್ತದೆ? ಚಿಟಿಕೆಯಷ್ಟು.

ನಮ್ಮ ಕಿರು ಕ್ರೈಸ್ತ ಸಮುದಾಯಗಳು ಈ ತಿಂಗಳ ಕೂಟದಲ್ಲಿ ಮೂರು ಸಂಗತಿಗಳನ್ನು ತೀರ್ಮಾನಿಸಲಿ. ಒಂದು, ನೆಹೆಮೀಯನ ಹಾಗೆ ಓಣಿಯನ್ನು ಒಮ್ಮೆ ಸುತ್ತಿ ನೋಡುವುದು: ತೆರೆದ ಬೋರು, ಕಟ್ಟೆಯಿಲ್ಲದ ಬಾವಿ, ಉರಿಯದ ದೀಪ, ಒಂಟಿಯಾಗಿರುವ ಮುದುಕರು, ಶಾಲೆ ಬಿಟ್ಟ ಮಕ್ಕಳು. ಎರಡು, ಆ ಪಟ್ಟಿಯನ್ನು ಹಿಡಿದು ನೆರೆಯವರೊಂದಿಗೆ ಮುಂದಿನ ಗ್ರಾಮಸಭೆಗೆ ಹೋಗುವುದು. ಮೂರು, ಹದಿನೆಂಟು ತುಂಬಿದ ನಮ್ಮ ಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ ಸೇರಿಸುವುದು. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರದಿಂದ ಕೇಳೋಣ. ನಮ್ಮ ಮನೆಯ ಎದುರಿನದನ್ನು ನಾವೇ ಮಾಡೋಣ.

ಸರ್ವೇಶ್ವರಾ, ನಮ್ಮ ಊರಿಗೆ ಹದವಾದ ಮಳೆ ಕೊಡು. ಹೊಲದಲ್ಲಿ ದುಡಿಯುವವರನ್ನು ಸಿಡಿಲಿನಿಂದ, ಬಿಸಿಲಿನಿಂದ ಕಾಪಾಡು. ನಾವು ಆರಿಸಿದವರಿಗೆ ಬಡವರ ಕೂಗು ಕೇಳುವ ಕಿವಿ ಕೊಡು. ಮುನಿದ ಮನೆಗಳನ್ನು ಕೂಡಿಸು. ನಮ್ಮ ಮಕ್ಕಳ ಕೈಗೆ ಪುಸ್ತಕ ಮರಳಿ ಬರಲಿ. ಓಣಿಯ ಕೆಲಸಕ್ಕೆ ನಾವು ಕುತ್ತಿಗೆ ಬಗ್ಗಿಸುವಂತೆ ಮಾಡು. ನಜರೇತಿನ ಓಣಿಯಲ್ಲಿ ನೆರೆಹೊರೆಯವರ ನಡುವೆ ಬಾಳಿದ ಮಾತೆ ಮರಿಯಮ್ಮನವರೂ, ದುಡಿದು ತಿಂದ ಸಂತ ಜೋಸೆಫರೂ ನಮಗಾಗಿ ಬಿನ್ನವಿಸಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ.

ಆಮೆನ್.